ಸಂಬಂಧ ತಂದವರು ಯಾರು? ಡಿಎನ್‌ಎ ನೋಡಿ ಜೋಡಿ ಕೂಡಿಸುವ ಕಂಪನಿಯ ಸ್ಥಾಪಕರ ಬಗ್ಗೆ ಒಂದು ವಿಮರ್ಶೆ

ಕಲಬುರಗಿಯಲ್ಲಿ ಹದಿನೆಂಟು ವರ್ಷಗಳಿಂದ ವಧು-ವರರ ಮಾಹಿತಿ ಕೇಂದ್ರ ನಡೆಸುತ್ತಿದ್ದೇನೆ. ಹುಡುಗನ ಬಯೋಡಾಟಾ ಕೈಗೆ ಬಂದ ಕೂಡಲೇ ಹೆಣ್ಣಿನ ಮನೆಯವರು ಸಂಬಳದ ಸಾಲಿಗೋ ಎತ್ತರದ ಸಾಲಿಗೋ ಹೋಗುತ್ತಾರೆಂದು ಹೊರಗಿನವರು ತಿಳಿದಿರಬಹುದು. ನಾನು ಕಂಡಂತೆ ಅವರು ಹಾಳೆಯನ್ನು ಮಡಚಿ ಹಿಡಿದುಕೊಂಡೇ ‘ಈ ಸಂಬಂಧ ತಂದವರು ಯಾರ್ರಿ?’ ಎಂದು ಕೇಳುತ್ತಾರೆ. ಮಧ್ಯಸ್ಥರು ಆಳಂದದ ಕಡೆಯವರೋ ಅಫಜಲಪುರದ ಕಡೆಯವರೋ, ಅವರ ಸ್ವಂತ ಮನೆಯ ಮದುವೆಗಳು ಹೇಗೆ ನಡೆದಿವೆ, ನಾಳೆ ತಕರಾರು ಬಂದರೆ ಬಂದು ಕೂತು ಬಗೆಹರಿಸುವವರೋ ಫೋನ್ ಎತ್ತದೆ ಕೂರುವವರೋ ಎಂಬುದೆಲ್ಲ ಗೊತ್ತಾದ ಮೇಲೆಯೇ ಆ ಹಾಳೆ ಬಿಚ್ಚಿಕೊಳ್ಳುತ್ತದೆ.

ಹೋದ ದೀಪಾವಳಿಯ ಸುಮಾರಿಗೆ ಸೇಡಂ ರಸ್ತೆಯ ಕಡೆಯ ಒಬ್ಬ ಹುಡುಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ತಾಯಿಯೊಂದಿಗೆ ನನ್ನ ಕೇಂದ್ರಕ್ಕೆ ಬಂದು ‘ಕಾಕಾ, ಕುಂಡಲಿ ಬ್ಯಾಡ, ಡಿಎನ್‌ಎ ಹೊಂದಾಣಿಕೆ ನೋಡೋಣ’ ಎಂದನು. ಅಮೆರಿಕದ ‘ಡಿಜಿಡೇಟ್’ ಎಂಬ ಕಂಪನಿಯ ಬಗ್ಗೆ ಮೊಬೈಲಿನಲ್ಲಿ ಓದಿ ತೋರಿಸಿದನು. ಅವನ ತಾಯಿ ಮಗನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಆ ದಿನದಿಂದ ಈ ಬಗೆಯ ಕಂಪನಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಇಲ್ಲಿ ನಾನು ತೂಗಿ ನೋಡುತ್ತಿರುವುದು ಆ್ಯಪಿನ ಬಣ್ಣ, ಗುಂಡಿ, ಚಂದಾದರಗಳನ್ನಲ್ಲ. ನಮ್ಮ ಊರಿನ ಪದ್ಧತಿಯಂತೆ ಮೊದಲ ಪ್ರಶ್ನೆಯನ್ನೇ ಕೇಳುತ್ತಿದ್ದೇನೆ: ಸಂಬಂಧ ತರುತ್ತೇವೆ ಎಂದು ಹೊರಟಿರುವ ಇವರು ಯಾರು?

ಡಿಜಿಡೇಟ್‌ನ ಸ್ಥಾಪಕರಲ್ಲಿ ಮುಖ್ಯರು ಜಾರ್ಜ್ ಚರ್ಚ್, ಹಾರ್ವರ್ಡ್ ವೈದ್ಯಕೀಯ ಶಾಲೆಯ ವಂಶವಾಹಿ ವಿಜ್ಞಾನಿ. ಅವರ ಜೊತೆಗಿನ ಸಹಸ್ಥಾಪಕಿ ಬಾರ್ಗವಿ ಗೋವಿಂದರಾಜನ್. ಮಾನವನ ಡಿಎನ್‌ಎಯನ್ನು ಅಕ್ಷರಕ್ಷರವಾಗಿ ಓದುವ ವಿಧಾನಗಳನ್ನು ರೂಪಿಸಿದವರಲ್ಲಿ ಚರ್ಚ್ ಒಬ್ಬರು. ಮನುಷ್ಯನ ಪೂರ್ಣ ಡಿಎನ್‌ಎಯನ್ನು, ಅಂದರೆ ಜೀನೋಮನ್ನು, ಓದುವ ಮಾನವ ಜೀನೋಮ್ ಯೋಜನೆ ಮೊಳಕೆಯೊಡೆದ 1980ರ ದಶಕದ ಚರ್ಚೆಗಳಲ್ಲಿಯೇ ಇದ್ದವರು, 2005ರಲ್ಲಿ ಪರ್ಸನಲ್ ಜೀನೋಮ್ ಪ್ರಾಜೆಕ್ಟ್ ಆರಂಭಿಸಿದವರು. 2003ರಲ್ಲಿ ಮಾನವ ಜೀನೋಮ್ ಯೋಜನೆ ಮುಗಿಯುವ ಹೊತ್ತಿಗೆ ಸುಮಾರು 300 ಕೋಟಿ ಡಾಲರ್ ಖರ್ಚಾಗಿತ್ತು. ಇಂದು ಒಬ್ಬ ಮನುಷ್ಯನ ಪೂರ್ಣ ಜೀನೋಮನ್ನು ಸಾವಿರ ಡಾಲರಿನೊಳಗೆ ಓದಲು ಸಾಧ್ಯವಾಗಿದೆ. ಆದ್ದರಿಂದ ವಿದ್ಯೆಯ ವಿಷಯದಲ್ಲಿ ಈ ಮಧ್ಯಸ್ಥರ ಮೇಲೆ ಯಾರೂ ಬೆರಳು ತೋರಿಸಲಾರರು.

2019ರ ಡಿಸೆಂಬರಿನಲ್ಲಿ ಅಮೆರಿಕದ ‘ಸಿಕ್ಸ್ಟಿ ಮಿನಿಟ್ಸ್’ ಟಿವಿ ಕಾರ್ಯಕ್ರಮದಲ್ಲಿ ಚರ್ಚ್ ತಮ್ಮ ಆಲೋಚನೆಯನ್ನು ಹೇಳಿದರು. ಬಹಳ ಮಂದಿ ಊಹಿಸುವಂತೆ ‘ನಿಮ್ಮ ಡಿಎನ್‌ಎ ಯಾರನ್ನು ಪ್ರೀತಿಸುತ್ತದೆ’ ಎಂದು ಹೇಳುವುದು ಅದರ ಉದ್ದೇಶವಲ್ಲ. ಕೆಲವು ರೋಗಗಳು ತಂದೆ ಮತ್ತು ತಾಯಿ ಇಬ್ಬರಿಂದಲೂ ಒಂದೇ ವಂಶವಾಹಿಯ ದೋಷವುಳ್ಳ ಪ್ರತಿ ಬಂದಾಗ ಮಾತ್ರ ಮಗುವಿನಲ್ಲಿ ಕಾಣಿಸಿಕೊಳ್ಳುತ್ತವೆ. ಒಂದೇ ಪ್ರತಿ ಇದ್ದವರು ವಾಹಕರು. ಅವರು ಆರೋಗ್ಯವಾಗಿಯೇ ಇರುತ್ತಾರೆ, ಎಷ್ಟೋ ವೇಳೆ ಅವರಿಗೇ ಅದು ಗೊತ್ತಿರುವುದಿಲ್ಲ. ಒಂದೇ ರೋಗದ ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಅಂತಹ ಇಬ್ಬರನ್ನು ಆ್ಯಪಿನಲ್ಲಿ ಒಬ್ಬರಿಗೊಬ್ಬರು ಕಾಣಿಸದಂತೆಯೇ ಮಾಡಿಬಿಡುವುದು ಡಿಜಿಡೇಟ್‌ನ ಯೋಚನೆ. ಒಬ್ಬರಿಗೆ ನೂರು ಜನರಲ್ಲಿ ಸುಮಾರು ಐದು ಜನ ಮಾತ್ರ ಮರೆಯಾಗುತ್ತಾರೆ, ಉಳಿದ ತೊಂಬತ್ತೈದು ಜನ ಎಂದಿನಂತೆ ಕಾಣುತ್ತಾರೆ ಎಂಬುದು ಅವರ ಲೆಕ್ಕ. ಯಾರು ಮರೆಯಾದರು, ಯಾವ ಕಾರಣಕ್ಕೆ ಎಂಬುದನ್ನು ಬಳಕೆದಾರನಿಗೂ ಹೇಳುವುದಿಲ್ಲ. ಹೀಗೆ 7,000ದಷ್ಟು ಆನುವಂಶಿಕ ರೋಗಗಳನ್ನು ತಡೆಯಬಹುದು ಎಂದು ಅವರು ಹೇಳಿದ ಮರುದಿನದಿಂದಲೇ ಇದು ಸುಜನನವಾದದ, ಅಂದರೆ ‘ಒಳ್ಳೆಯ ತಳಿ’ಯವರಷ್ಟೇ ಮಕ್ಕಳನ್ನು ಪಡೆಯಬೇಕು ಎಂಬ ವಾದದ, ಹೊಸ ವೇಷ ಎಂಬ ಟೀಕೆ ಶುರುವಾಯಿತು. ಚರ್ಚ್ ಅವರಿಗೇ ಹಗಲಲ್ಲಿ ತಡೆಯಲಾರದಷ್ಟು ನಿದ್ದೆ ಬರುವ ನಾರ್ಕೊಲೆಪ್ಸಿ ಇದೆ, ಓದಿನಲ್ಲಿ ತೊಡಕು ತರುವ ಡಿಸ್ಲೆಕ್ಸಿಯಾ ಇದೆ. ಇಂತಹ ಜರಡಿ ಹಿಂದೆಯೇ ಇದ್ದಿದ್ದರೆ ಅವರೇ ಎಲ್ಲಿ ಇರುತ್ತಿದ್ದರು ಎಂದು ಕೇಳಿದವರೂ ಇದ್ದರು. ಈ ಪ್ರಶ್ನೆ ಚುರುಕಾಗಿದೆ, ಆದರೆ ಪೂರ್ತಿ ನ್ಯಾಯವಾದುದಲ್ಲ: ಅವರು ಹೇಳಿದ್ದು ಮಗು ಎಳವೆಯಲ್ಲೇ ತೀರಿಕೊಳ್ಳುವ ಅಥವಾ ಬದುಕಿಡೀ ನರಳುವ ತೀವ್ರ ರೋಗಗಳ ಮಾತು.

ಮಧ್ಯಸ್ಥರ ಹಣದ ಮೂಲವನ್ನೂ ನಮ್ಮಲ್ಲಿ ವಿಚಾರಿಸುತ್ತಾರೆ. ಲೈಂಗಿಕ ಅಪರಾಧಿ ಜೆಫ್ರಿ ಎಪ್ಸ್ಟೀನ್‌ನಿಂದ ಚರ್ಚ್ ಅವರ ಪ್ರಯೋಗಾಲಯಕ್ಕೆ ಹಿಂದೆ ಹಣ ಬಂದಿತ್ತು. ಆತನೊಂದಿಗಿನ ಸಂಪರ್ಕಕ್ಕಾಗಿ 2019ರಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಹೆಣ್ಣುಮಕ್ಕಳ ಮದುವೆಯ ವ್ಯವಹಾರಕ್ಕೆ ಕೈ ಹಾಕುವವರ ಬಗ್ಗೆ ಇಂತಹ ಸುದ್ದಿ ಕೇಳಿದರೆ ನನ್ನ ಕೇಂದ್ರಕ್ಕೆ ಬರುವ ಯಾವ ತಂದೆಯಾದರೂ ಚಹಾ ಮುಗಿಸದೆ ಎದ್ದು ಹೋಗುತ್ತಾನೆ. ಕ್ಷಮೆ ಕೇಳಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ಎದ್ದು ಹೋಗುವ ತಂದೆಯನ್ನೂ ತಪ್ಪು ಎನ್ನಲಾರೆ.

ಡಿಎನ್‌ಎ ಹೊಂದಾಣಿಕೆಯ ಹೆಸರಿನಲ್ಲೇ ಹೊರಟ ಬೇರೆ ತಂಡಗಳ ದಾರಿಯೇ ಬೇರೆ. ಸ್ವಿಟ್ಜರ್ಲೆಂಡಿನ ಜೀನ್‌ಪಾರ್ಟ್‌ನರ್ 2008ರಲ್ಲಿ ಶುರುವಾಯಿತು. ಹ್ಯೂಸ್ಟನ್ ನಗರದಲ್ಲಿ ವಂಶವಾಹಿ ವಿಜ್ಞಾನ ಓದಿದ ಬ್ರಿಟನಿ ಬ್ಯಾರೆಟೊ, ಬಿನ್ ಹುವಾಂಗ್ ಮತ್ತು ಅವರೊಂದಿಗೆ ಅಸ್ಮಾ ಮಿರ್ಜಾ ಸೇರಿ ಕಟ್ಟಿದ ಫೆರಾಮೋರ್ 2018ರಲ್ಲಿ ಬಂದಿತು. ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿಯ 11 ವಂಶವಾಹಿಗಳನ್ನೂ ಸಾಮಾಜಿಕ ಜಾಲತಾಣದ ಮಾಹಿತಿಯನ್ನೂ ಬೆರೆಸಿ ಆಕರ್ಷಣೆಯ ಅಂಕ ಕೊಡುತ್ತಿತ್ತು, ಹೆಚ್ಚು ಕಾಲ ಬಾಳಲಿಲ್ಲ. ಇವರೆಲ್ಲರ ಆಧಾರ ಆರನೇ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪು. ರೋಗನಿರೋಧಕ ಶಕ್ತಿಯನ್ನು ನಿರ್ಧರಿಸುವ ಈ ಗುಂಪು ತಮ್ಮದಕ್ಕಿಂತ ಭಿನ್ನವಾಗಿರುವವರ ಮೈವಾಸನೆ ಹಿತವಾಗಿರುತ್ತದೆ ಎಂಬುದು ವಾದ. 1995ರಲ್ಲಿ ಬರ್ನ್ ವಿಶ್ವವಿದ್ಯಾಲಯದ ಕ್ಲಾಸ್ ವೆಡೆಕಿಂಡ್ ಮತ್ತು ಸಂಗಡಿಗರು 44 ಗಂಡಸರಿಗೆ ಎರಡು ರಾತ್ರಿ ಒಂದೇ ಟೀ-ಶರ್ಟ್ ತೊಡಿಸಿ, ಆಮೇಲೆ ಅವುಗಳನ್ನು 49 ಹೆಂಗಸರಿಗೆ ಮೂಸಲು ಕೊಟ್ಟಿದ್ದರು. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳದ ಹೆಂಗಸರು ಎಚ್‌ಎಲ್‌ಎ ಭಿನ್ನವಿರುವ ಗಂಡಸರ ವಾಸನೆ ಒಳ್ಳೆಯದೆಂದರು. ಗುಳಿಗೆ ತೆಗೆದುಕೊಳ್ಳುತ್ತಿದ್ದವರಲ್ಲಿ ಇದು ತಿರುಗುಮುರುಗಾಯಿತು. ಒಂದು ಗುಳಿಗೆಯಿಂದ ತಿರುಗಿಬೀಳುವ ಒಲವಿನ ಮೇಲೆ ಜೀವಮಾನದ ಸಂಬಂಧ ಕಟ್ಟಲು ಹೊರಟವರ ಧೈರ್ಯ ದೊಡ್ಡದು. ಆಮೇಲೆ ಬಂದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮನುಷ್ಯರಲ್ಲಿ ಅಂತಹ ಸ್ಪಷ್ಟ ಒಲವು ಕಾಣಲಿಲ್ಲ. ಪ್ರೀತಿ ಹುಟ್ಟಿಸುವ ಈ ತಂಡಗಳ ಮಾತನ್ನು ನಾನು ಇಷ್ಟಕ್ಕೇ ಬಿಡುತ್ತೇನೆ.

ಆದರೆ ಇಲ್ಲೊಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಓದಿದ ಕೂಡಲೇ ನಮ್ಮವರಲ್ಲಿ ಅನೇಕರು ‘ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು, ನಾಡಿದೋಷ ಎಂದರೆ ಇದೇ’ ಎನ್ನುತ್ತಾರೆ. ಕುಂಡಲಿಯ 36 ಗುಣಗಳಲ್ಲಿ ನಾಡಿಗೆ 8 ಗುಣ. ಗಂಡು-ಹೆಣ್ಣಿನ ನಾಡಿ ಒಂದೇ ಆದರೆ ಸೊನ್ನೆ, ಸಂತಾನಕ್ಕೆ ಒಳ್ಳೆಯದಲ್ಲ ಎನ್ನುತ್ತಾರೆ. ಮೇಲ್ನೋಟಕ್ಕೆ ಎಚ್‌ಎಲ್‌ಎ ಮಾತಿಗೂ ಇದಕ್ಕೂ ಹೋಲಿಕೆ ಇದೆ. ಆದರೆ ನಾಡಿ ನಿರ್ಧಾರವಾಗುವುದು ಹುಟ್ಟಿದ ಹೊತ್ತಿನ ನಕ್ಷತ್ರದಿಂದ. ಒಂದೇ ತಂದೆ-ತಾಯಿಯ ಇಬ್ಬರು ಅಕ್ಕತಂಗಿಯರಿಗೆ ಬೇರೆ ಬೇರೆ ನಾಡಿ ಇರಬಹುದು, ರಕ್ತಸಂಬಂಧವೇ ಇಲ್ಲದ ಬೀದರಿನ ಹುಡುಗ ಮತ್ತು ಯಾದಗಿರಿಯ ಹುಡುಗಿಗೆ ಒಂದೇ ನಾಡಿ ಇರಬಹುದು. ಅದಕ್ಕೆ ರಕ್ತದ ಸುಳಿವೇ ಇಲ್ಲ. ಬೆಡಗು (ಮನೆತನದ ಕುಲ) ಮತ್ತು ಗೋತ್ರಗಳಿಗಾದರೂ ವಂಶದ ಅರಿವಿದೆ, ಆದರೆ ಅವು ನೋಡುವುದು ತಂದೆಯ ಸಾಲನ್ನು ಮಾತ್ರ. ಒಂದೇ ಬೆಡಗು ಎಂಬ ಕಾರಣಕ್ಕೆ ಏಳು ತಲೆಮಾರಿನ ಹಿಂದೆ ಕವಲೊಡೆದ ಮನೆಗಳ ಸಂಬಂಧವನ್ನು ಬೇಡವೆನ್ನುವ ಕುಟುಂಬವೇ ಅಕ್ಕನ ಮಗಳನ್ನು ತಮ್ಮನಿಗೆ ಕೊಟ್ಟು ‘ಮನಿ ಹುಡುಗಿ ಮನ್ಯಾಗೇ ಉಳೀತು’ ಎಂದು ಸಂತೋಷಪಡುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಸೋದರಮಾವ ಮತ್ತು ಸೊಸೆಯ ನಡುವೆ ವಂಶವಾಹಿಗಳ ನಾಲ್ಕನೇ ಒಂದು ಪಾಲು ಒಂದೇ ಮೂಲದ್ದು. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟನೇ ಒಂದು ಪಾಲು. ಸಾಮಾನ್ಯವಾಗಿ ಹುಟ್ಟುವ ನೂರು ಮಕ್ಕಳಲ್ಲಿ ಎರಡು-ಮೂರು ಮಕ್ಕಳಿಗೆ ಏನಾದರೊಂದು ಹುಟ್ಟುದೋಷ ಇರುತ್ತದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದಕ್ಕೆ ಇನ್ನೂ ಎರಡು-ಮೂರು ಸೇರುತ್ತದೆ. ಹೆದರಿಸುವಷ್ಟು ದೊಡ್ಡ ಅಂಕಿಯಲ್ಲ, ಮರೆತುಬಿಡುವಷ್ಟು ಚಿಕ್ಕದೂ ಅಲ್ಲ.

ಡಿಜಿಡೇಟ್ ತಂಡದ ಮೂಲ ಆಲೋಚನೆಯನ್ನು ನಾನು ಗೌರವದಿಂದ ನೋಡುವುದು ಈ ಊರಿನಲ್ಲಿ ಕೂತು ನೋಡುವುದರಿಂದಲೇ. ಅದರಲ್ಲಿ ಏನು ಕಡಿಮೆಯಾಗಿದೆ ಎಂಬುದನ್ನು ಹೇಳಲು ನನ್ನ ಮನೆಯದೇ ಒಂದು ಸಂಗತಿ ಹೇಳಬೇಕು.

ನನ್ನ ತಮ್ಮನ ಮಗಳಿಗೆ ಆಕೆಯ ಸೋದರಮಾವನ ಮಗನನ್ನು ಚಿಕ್ಕಂದಿನಲ್ಲೇ ಮಾತಾಡಿ ಇಟ್ಟಿದ್ದರು. ಹುಡುಗಿಗೆ ಕಾಲೇಜಿನ ದಿನಗಳಿಂದ ರಕ್ತ ಕಡಿಮೆ. ಕಬ್ಬಿಣದ ಗುಳಿಗೆ ಎಷ್ಟು ನುಂಗಿದರೂ ಹಿಮೋಗ್ಲೋಬಿನ್ ಹತ್ತರ ಮೇಲೆ ಏರುತ್ತಿರಲಿಲ್ಲ. ಕೆಂಪು ರಕ್ತಕಣಗಳು ಅಳತೆಗಿಂತ ಚಿಕ್ಕವಾಗಿರುವುದನ್ನು ಗಮನಿಸಿದ ಒಬ್ಬ ವೈದ್ಯೆ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ನಗರದ ಒಂದು ಪ್ರಯೋಗಾಲಯದಲ್ಲಿ ರಕ್ತ ಕೊಟ್ಟೆವು, ಅವರು ಅದನ್ನು ಹೈದರಾಬಾದಿಗೆ ಕಳಿಸಿದರು. ಹತ್ತನೇ ದಿನ ನನ್ನ ತಮ್ಮನ ವಾಟ್ಸಾಪಿಗೆ ವರದಿ ಬಂದಿತು: 5.4, ಪಕ್ಕದಲ್ಲಿ ಮೇಲ್ಮುಖದ ಒಂದು ಬಾಣ, ಕೆಳಗೆ ಸಹಜ ಮಿತಿ 3.5ರವರೆಗೆ ಎಂಬ ಸಾಲು. ಬೇರೆ ಒಂದಕ್ಷರ ವಿವರಣೆ ಇಲ್ಲ. ವಿಚಾರಿಸಲು ಹೋದರೆ ಕೌಂಟರಿನ ಹುಡುಗ ಪರದೆ ನೋಡಿ, ಸಾಲಿನಲ್ಲಿ ನಿಂತಿದ್ದ ಆರೇಳು ಜನರ ಎದುರಿಗೇ ‘ಥಲಸ್ಸೇಮಿಯಾ ಅದ ರೀ’ ಎಂದುಬಿಟ್ಟನು. ನನ್ನ ತಮ್ಮ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಯಾರಿಗೂ ತೋರಿಸಲಿಲ್ಲ. ಐದನೇ ದಿನ ರಾತ್ರಿ ನನ್ನ ಮನೆಗೆ ಬಂದು ‘ಅಣ್ಣಾ, ನಮ್ಮ ಹುಡುಗಿ ಎಷ್ಟು ದಿನ ಬದುಕತಾಳ?’ ಎಂದು ಕೇಳಿದನು.

ಥಲಸ್ಸೇಮಿಯಾ ಎಂದರೆ ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತದ ರೋಗ. ಆಕೆಗೆ ಆ ರೋಗವಿರಲಿಲ್ಲ, ಆಕೆ ಅದರ ವಾಹಕಿ ಮಾತ್ರ. ನಮ್ಮ ದೇಶದಲ್ಲಿ ನೂರರಲ್ಲಿ ಮೂರು-ನಾಲ್ಕು ಜನ ಹಾಗೆಯೇ ಇದ್ದಾರೆ. ಇದನ್ನು ನಮಗೆ ಅರ್ಥ ಮಾಡಿಸಿದ್ದು ಒಬ್ಬ ಮಕ್ಕಳ ವೈದ್ಯರು. ಔಷಧ ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ನಾಲ್ಕು ವೃತ್ತ ಬರೆದರು; ಒಂದನ್ನು ಖಾಲಿ ಬಿಟ್ಟರು, ಎರಡನ್ನು ಅರ್ಧ ತುಂಬಿದರು, ಒಂದನ್ನು ಪೂರ್ತಿ ಕಪ್ಪು ಮಾಡಿದರು. ‘ಈ ಕಪ್ಪು ಬರಬಾರದು ಅಂದ್ರ ಹುಡುಗನ ರಕ್ತಾನೂ ನೋಡ್ರಿ’ ಎಂದರು. ದೋಷ ತಾಯಿಯ ಕಡೆಯಿಂದ ಬಂದಿದ್ದರೆ ಸೋದರಮಾವನ ಮಗನಲ್ಲಿ ಅದು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಅವರು ಹೇಳಿದಾಗ ನನ್ನ ತಮ್ಮನ ಹೆಂಡತಿ ತಲೆ ತಗ್ಗಿಸಿಕೊಂಡರು. ಹುಡುಗನ ಅಂಕಿ 5.1 ಬಂದಿತು. ಆ ಸುದ್ದಿಯನ್ನು ಹೊತ್ತು ಶಹಾಬಾದಿಗೆ ಹೋದವನು ನಾನು. ಮೂರು ಸಂಜೆ ಅವರ ಪಡಸಾಲೆಯಲ್ಲಿ ಕೂತು, ‘ಹುಡುಗಿಗೆ ರೋಗ’ ಎಂಬ ಮಾತು ಬಾಯಿಗೆ ಬರದಂತೆ ನೋಡಿಕೊಂಡು, ಇಬ್ಬರಿಗೂ ಒಂದೇ ಗುರುತು ಇದೆ, ಇದೇ ಗುರುತಿಲ್ಲದವರನ್ನು ಮದುವೆಯಾದರೆ ಮಕ್ಕಳಿಗೆ ಈ ರೋಗದ ಭಯವಿಲ್ಲ ಎಂದು ಮತ್ತೆ ಮತ್ತೆ ಹೇಳಿದೆನು. ಗರ್ಭ ನಿಂತ ಹತ್ತು-ಹನ್ನೆರಡು ವಾರಗಳಲ್ಲಿ ಮಾಸುವಿನ ಚೂರು ತೆಗೆದು ಪರೀಕ್ಷಿಸುವ ದಾರಿಯೂ ಇದೆ, ಮದುವೆ ನಿಲ್ಲಿಸಲೇಬೇಕೆಂದಿಲ್ಲ ಎಂದೂ ಹೇಳಿದೆನು. ಎರಡೂ ಮನೆಯವರು ಮತ್ತು ಆ ಇಬ್ಬರು ಮಕ್ಕಳು ಕೂಡಿಯೇ ಬೇಡವೆಂದು ತೀರ್ಮಾನಿಸಿದರು. ಹೋಗಿಬರುವುದು ನಿಲ್ಲಲಿಲ್ಲ.

ಈ ಮೂರು ಸಂಜೆಯ ಕೆಲಸಕ್ಕೆ ಡಿಜಿಡೇಟ್ ತಂಡದಲ್ಲಿ ಯಾರೂ ಇಲ್ಲ. ಅವರು ಅದಕ್ಕೆ ಕಂಡುಕೊಂಡ ಉಪಾಯ ಆ ಕೆಲಸವೇ ಬರದಂತೆ ಮಾಡುವುದು: ಬೇಡವೆನ್ನಬೇಕಾದವರನ್ನು ತೋರಿಸದೆ ಇದ್ದುಬಿಡುವುದು. ಗುಟ್ಟು ಕಾಯುವ ದೃಷ್ಟಿಯಿಂದ ಇದು ಜಾಣತನ, ಕೌಂಟರಿನ ಆ ಹುಡುಗನನ್ನು ಕಂಡ ಮೇಲೆ ನಾನಿದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ತಾನು ವಾಹಕಿ ಎಂದು ನನ್ನ ತಮ್ಮನ ಮಗಳಿಗೆ ತಿಳಿದದ್ದರಿಂದಲೇ ಆಕೆಯ ತಂಗಿಯ ರಕ್ತವನ್ನೂ ನೋಡಿಸಿದೆವು, ವರ್ಷಗಟ್ಟಲೆ ವ್ಯರ್ಥವಾಗಿ ನುಂಗುತ್ತಿದ್ದ ಕಬ್ಬಿಣದ ಗುಳಿಗೆ ನಿಂತಿತು. ಆ್ಯಪು ಬಚ್ಚಿಟ್ಟುಕೊಂಡಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಇನ್ನೂ ಸರಳವಾದ ಅಡಚಣೆಯೊಂದಿದೆ. ಅಪರಿಚಿತರನ್ನು ಹುಡುಕುವವರಿಗೆ ಮಾತ್ರ ಈ ಸೇವೆ ಉಪಯೋಗಕ್ಕೆ ಬರುತ್ತದೆ; ತೊಟ್ಟಿಲಲ್ಲಿದ್ದಾಗಲೇ ಮಾತಾಗಿರುವ ಒಳಗಿನ ಸಂಬಂಧಗಳು, ಅಂದರೆ ಅಪಾಯ ಹೆಚ್ಚಿರುವ ಮದುವೆಗಳೇ, ಯಾವ ಆ್ಯಪಿನ ಬಾಗಿಲಿಗೂ ಬರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಜೊತೆಗೆ ಓದಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ನನ್ನ ಹತ್ತಿರ ‘ಮನ್ಯಾಗ ಒಪ್ಪಿಸಿಕೊಡ್ರಿ ಕಾಕಾ’ ಎಂದು ಬರುವವರೂ ಬರುವುದಿಲ್ಲ.

ಇದೇ ಕೆಲಸವನ್ನು ಚರ್ಚ್ ಅವರಿಗಿಂತ ಮೂವತ್ತಾರು ವರ್ಷ ಮುಂಚೆ ಕೈಗೆತ್ತಿಕೊಂಡವರು ನ್ಯೂಯಾರ್ಕಿನ ಯಹೂದಿ ಧರ್ಮಗುರು ಜೋಸೆಫ್ ಎಕ್‌ಸ್ಟೈನ್. ಅವರ ನಾಲ್ಕು ಮಕ್ಕಳು ಮಿದುಳಿನ ನರಕೋಶಗಳನ್ನು ನಾಶಮಾಡುವ ಟೇ-ಸ್ಯಾಕ್ಸ್ ಎಂಬ ಆನುವಂಶಿಕ ರೋಗದಿಂದ ತೀರಿಕೊಂಡಿದ್ದರು. 1983ರಲ್ಲಿ ಅವರು ಆರಂಭಿಸಿದ ‘ದೋರ್ ಯೆಶೋರಿಮ್’ನಲ್ಲಿ ಹುಡುಗ ಹುಡುಗಿಯರು ಓದುವ ವಯಸ್ಸಿನಲ್ಲೇ ರಕ್ತ ಕೊಟ್ಟು ಒಂದು ಸಂಖ್ಯೆ ಪಡೆಯುತ್ತಾರೆ, ಸಂಬಂಧ ಬಂದಾಗ ಎರಡೂ ಸಂಖ್ಯೆಗಳನ್ನು ಫೋನಿನಲ್ಲಿ ಹೇಳಿದರೆ ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂಬ ಉತ್ತರ ಬರುತ್ತದೆ. ಹಿರಿಯರು ಕೂಡಿ ಮದುವೆ ಮಾಡುವ, ಮನೆತನದ ಹೆಸರಿಗೆ ಕಲೆ ಬಂದರೆ ತಂಗಿಯರ ಮದುವೆಯೂ ನಿಲ್ಲುವ ಆ ಸಮಾಜ ನಮ್ಮದಕ್ಕೆ ಬಹಳ ದೂರವಲ್ಲ. ಅಲ್ಲಿಯೂ ಬಚ್ಚಿಡುವುದೇ ನಿಯಮವಾಗಿತ್ತು, ಅದಕ್ಕೆ ಟೀಕೆಯೂ ಬಂದಿದೆ. ಆದರೂ ಜನ ನಂಬಿದರು. ನಂಬಿದ್ದಕ್ಕೆ ಕಾರಣ ವಿಜ್ಞಾನದಷ್ಟೇ ಸಂಬಂಧ ತಂದವರೂ ಹೌದು: ಮಣ್ಣು ಕೊಟ್ಟು ಬಂದ ತಂದೆಯೊಬ್ಬ ತಮ್ಮದೇ ಓಣಿಯಲ್ಲಿ ನಿಂತು ರಕ್ತ ಕೊಡಿ ಎಂದು ಕೇಳಿದ್ದನು.

ನಮ್ಮ ಸರ್ಕಾರವೂ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ರೋಗ) ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸಿ ಕಾರ್ಡ್ ಕೊಡುವ ಗುರಿ ಇಡಲಾಗಿತ್ತು. ಮದುವೆಗೆ ಮುಂಚೆ ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಈ ಕಾರ್ಡು ಬಚ್ಚಿಡುವುದಿಲ್ಲ, ತೋರಿಸುತ್ತದೆ. ತೋರಿಸಿದ ಮೇಲೆ ಪಕ್ಕದಲ್ಲಿ ಕೂತು ನಾಲ್ಕು ವೃತ್ತ ಬರೆಯುವವರು ಎಷ್ಟು ಊರುಗಳಲ್ಲಿ ಸಿಗುತ್ತಾರೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಕಂಪನಿಗಳ ಕೈಗೆ ಡಿಎನ್‌ಎ ಕೊಡುವವರು ಇನ್ನೊಂದನ್ನೂ ನೆನಪಿಡಬೇಕು. ಡಿಎನ್‌ಎ ಪರೀಕ್ಷೆಯ ಹೆಸರಾಂತ ಕಂಪನಿಯಾದ 23ಆ್ಯಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿತ್ತು, 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿಯನ್ನೂ ಹಾಕಿತು. ಅಂಗಡಿ ಮುಚ್ಚಿದಾಗ ಕಪಾಟಿನಲ್ಲಿದ್ದ ಗ್ರಾಹಕರ ರಕ್ತದ ಗುಟ್ಟೂ ಆಸ್ತಿಯ ಪಟ್ಟಿಗೆ ಸೇರುತ್ತದೆ. ನನ್ನ ಕೇಂದ್ರ ನಾಳೆ ಮುಚ್ಚಿದರೆ ಹಳೆಯ ಫೈಲುಗಳನ್ನು ಒಲೆಗೆ ಹಾಕಬಲ್ಲೆ. ಒಬ್ಬಳು ಕೊಟ್ಟ ಡಿಎನ್‌ಎಯಲ್ಲಿ ಆಕೆಯ ಅಣ್ಣ, ತಂಗಿ, ಇನ್ನೂ ಹುಟ್ಟದ ಮಕ್ಕಳ ಮಾಹಿತಿಯೂ ಇರುವುದರಿಂದ ಆ ಗುಟ್ಟು ಆಕೆಯೊಬ್ಬಳದೇ ಅಲ್ಲ.

ಅಂಕ ಕೊಡಲೇಬೇಕೆಂದರೆ ಡಿಜಿಡೇಟ್ ಸ್ಥಾಪಕರಿಗೆ ಐದರಲ್ಲಿ ಮೂರು ಕೊಡುತ್ತೇನೆ, ಮೂರೂ ಅವರು ಆರಿಸಿಕೊಂಡ ಪ್ರಶ್ನೆಗೆ. ವಾಸನೆ ಹಿಡಿದು ಹೊರಟ ತಂಡಗಳಿಗೆ ಒಂದು. ಸೇಡಂ ರಸ್ತೆಯ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಪೂರ್ಣ ಜೀನೋಮಿನ ಗೊಡವೆ ಸದ್ಯಕ್ಕೆ ಬೇಡ, ರಕ್ತಕಣಗಳ ಎಣಿಕೆ ಮತ್ತು ಎ2 ಪರೀಕ್ಷೆ ಮಾಡಿಸಿಕೊಂಡು ಬಾ, ಬಟ್ಟೆಯ ಒಂದು ಜೋಡಿಗಿಂತ ಹೆಚ್ಚು ಖರ್ಚಾಗದು. ಅವನು ಮಾಡಿಸಿಕೊಂಡು ಬಂದನು, 2.6.

ಅಂದಿನಿಂದ ನನ್ನ ಕೇಂದ್ರದ ಅರ್ಜಿಯಲ್ಲಿ ರಾಶಿ, ನಕ್ಷತ್ರ, ಬೆಡಗಿನ ಕೆಳಗೆ ‘ರಕ್ತ ಪರೀಕ್ಷೆ ಆಗಿದೆಯೇ’ ಎಂಬ ಸಾಲು ಸೇರಿಸಿದ್ದೇನೆ. ಫಲಿತಾಂಶ ಬರೆಯಬೇಕಿಲ್ಲ, ಆಗಿದೆಯೋ ಇಲ್ಲವೋ ಅಷ್ಟೇ. ಹೆಚ್ಚಿನವರು ಖಾಲಿ ಬಿಡುತ್ತಾರೆ, ಕೆಲವರು ರಕ್ತದ ಗುಂಪು ಬರೆಯುತ್ತಾರೆ. ಕಳೆದ ವಾರ ಚಿತ್ತಾಪುರದ ಕಡೆಯ ತಾಯಿಯೊಬ್ಬರು ತುಂಬಿಕೊಟ್ಟ ಅರ್ಜಿಯಲ್ಲಿ ಆ ಸಾಲಿನ ಮುಂದೆ ದುಂಡು ಅಕ್ಷರಗಳಲ್ಲಿ ‘ಎದುರಿಗೆ ಕೂತು ಹೇಳುತ್ತೇವೆ’ ಎಂದು ಬರೆದಿತ್ತು.